ಮೊಳೆಗೆ ನೇತುಹಾಕಿದ ಕೀಲಿ

ನಾನು ಸಿಂಗಾಪುರದ ಜುರಾಂಗ್ ಐಲ್ಯಾಂಡಿನ ಒಂದು ಕೆಮಿಕಲ್ ಪ್ಲಾಂಟಿನಲ್ಲಿ ಸೇಫ್ಟಿ ಎಂಜಿನಿಯರ್. ಬೇರೆಯವರ ಅಜಾಗರೂಕತೆಯನ್ನು ಹುಡುಕಿ ಬರೆದಿಡುವುದೇ ನನ್ನ ಕೆಲಸ, ಅದಕ್ಕೇ ಸಂಬಳ. ಪಂಪು ರಿಪೇರಿ ಮಾಡುವ ಮುಂಚೆ ಅದರ ಸ್ವಿಚ್ಚಿಗೆ ಬೀಗ ಹಾಕಬೇಕು, ಬೀಗದ ಕೀಲಿಯನ್ನು ರಿಪೇರಿ ಮಾಡುವವನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು ಎನ್ನುವುದು ನಮ್ಮಲ್ಲಿ ಮೊದಲ ಪಾಠ. ಒಮ್ಮೆ ಒಬ್ಬ ದೊಡ್ಡ ಮನುಷ್ಯ ಕೀಲಿಯನ್ನು ಪಕ್ಕದ ಕೊಕ್ಕೆಗೆ ನೇತುಹಾಕಿ ಕಾಫಿ ಕುಡಿಯಲು ಹೋಗಿದ್ದ. ಅವನನ್ನು ಇಡೀ ಶಿಫ್ಟಿನ ಮುಂದೆ ನಿಲ್ಲಿಸಿ ಬೈದಿದ್ದೆ. ಆಮೇಲೆ ಬಸ್ಸಿನಲ್ಲಿ ಅವನು ನನ್ನ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಬರುತ್ತಿದ್ದ.

ಇಷ್ಟು ಜಂಬ ಕೊಚ್ಚಿಕೊಂಡ ಮೇಲೆ ಇದನ್ನೂ ಹೇಳಬೇಕು. ನನ್ನ ಗಂಡನ ಮನೆಯಲ್ಲಿ ಕೋವಿ ಇಡುವ ಬೀರುವಿನ ಕೀಲಿ, ಅದೇ ಬೀರುವಿನ ಪಕ್ಕದ ಗೋಡೆಯಲ್ಲಿ, ಒಂದು ಮೊಳೆಗೆ ನೇತಾಡುತ್ತಿತ್ತು. ಮದುವೆಯಾಗಿ ಹೋದ ದಿನವೇ ನೋಡಿದೆ. ವರ್ಷಕ್ಕೆರಡು ಸಲ ಹೋದಾಗಲೂ ನೋಡಿದೆ. ಒಂದು ದಿನವೂ ಬಾಯಿ ಬಿಡಲಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತ ನಮ್ಮಮ್ಮ ಬೈಯುತ್ತಿದ್ದದ್ದು ಇಂಥವರಿಗೇ.

ನಾನು ಮೈಸೂರಿನವಳು, ನನ್ನ ಗಂಡ ಕೊಡವ. ನಮ್ಮ ಮನೆಯಲ್ಲಿ ತರಕಾರಿ ಹೆಚ್ಚುವ ಈಳಿಗೆಮಣೆಯೇ ಅತಿ ದೊಡ್ಡ ಆಯುಧ. ಅವರ ಮನೆಯಲ್ಲಿ ಕೋವಿ ದೇವರ ಸಮಾನ. ದೇಶದಲ್ಲಿ ಉಳಿದವರೆಲ್ಲ ಒಂದು ಬಂದೂಕಿಗೆ ಲೈಸೆನ್ಸ್ ಬೇಕೆಂದರೆ ಅರ್ಜಿ, ವಿಚಾರಣೆ, ಕಚೇರಿ ಅಂತ ಚಪ್ಪಲಿ ಸವೆಸಬೇಕು. ಕೊಡವರಿಗೆ ಹಳೆಯ ಕಾಲದಿಂದ ವಿನಾಯಿತಿ ಇದೆ. ಜಿಲ್ಲಾಡಳಿತ ಕೊಡುವ ವಿನಾಯಿತಿ ಪತ್ರವಿದ್ದರೆ ಆಯಿತು. ಅದನ್ನು ಅವರು ದುರುಪಯೋಗ ಮಾಡಿಕೊಂಡಿದ್ದು ಕಡಿಮೆ ಅಂತ ನನ್ನ ಗಂಡ ಎದೆಯುಬ್ಬಿಸಿ ಹೇಳುತ್ತಾನೆ, ನನಗೂ ಅದು ನಿಜವೆನಿಸುತ್ತದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಮನೆಯಲ್ಲಿ ಸಾವಾದರೆ ಎರಡು. ಗುಂಡಿನ ಲೆಕ್ಕ ಕೇಳಿ ಸುತ್ತಲಿನವರು ಸೀರೆ ಬದಲಿಸಿಕೊಂಡು ಹೊರಡುತ್ತಾರೆ. ಆದರೆ ಕೋವಿ ಯಾರ ಹೆಸರಿನಲ್ಲಿದೆ ಎಂದು ಕೇಳುವ ಕಾಗದವನ್ನು ನಾನು ಕಂಡಿದ್ದೇನೆ. ಅದನ್ನು ಎಲ್ಲಿಟ್ಟಿದ್ದೀರಿ, ಕೀಲಿ ಯಾರ ಕೈಗೆ ಸಿಗುತ್ತದೆ ಎಂದು ಮನೆಗೆ ಬಂದು ನೋಡಿದವರನ್ನು ಒಂದು ದಿನವೂ ಕಾಣಲಿಲ್ಲ.

ಏಳು ವರ್ಷದ ಹಿಂದೆ, ಕೈಲ್ ಪೊಳ್ದ್ ಹಬ್ಬದ ಹಿಂದಿನ ದಿನ, ನನ್ನ ಮೈದುನ ತೀರಿಕೊಂಡ. ಮೂವತ್ತೊಂದು ವರ್ಷ. ಕೈಲ್ ಪೊಳ್ದ್ ಎಂದರೆ ಆಯುಧಗಳ ಹಬ್ಬ. ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ದೇವರ ಕೋಣೆಯಲ್ಲಿಟ್ಟು, ನಳಿಗೆಗೆ ಕೋವಿ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಅವನು ಮೊಳೆಯಿಂದ ಕೀಲಿ ತೆಗೆದು, ಬೀರುವಿನಿಂದ ಜೋಡಿ ನಳಿಗೆಯ ಕೋವಿ ತಂದು, ಜಗಲಿಯಲ್ಲಿ ಕೂತು ಒರೆಸುತ್ತಿದ್ದಾಗ ಗುಂಡು ಹಾರಿತು. ಒಂದೇ ಗುಂಡು. ಪಕ್ಕದ ಮನೆಯ ಆಂಟಿ ಅದನ್ನು ಕೇಳಿ, ಆ ಮನೆಯಲ್ಲಿ ಬಸುರಿ ಯಾರೂ ಇಲ್ಲವಲ್ಲ ಎಂದು ಯೋಚಿಸುತ್ತ ಎರಡನೆಯ ಗುಂಡಿಗಾಗಿ ಕಾದರಂತೆ. ಅದು ಕೇಳಿಸಲೇ ಇಲ್ಲ.

ಹಿಂದಿನ ದಿನ ಅವನು ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಅಭ್ಯಾಸ ಮಾಡಿದ್ದ. ಒಂದು ತೋಟೆಯನ್ನು, ಅಂದರೆ ಕಾಡತೂಸನ್ನು, ನಳಿಗೆಯಿಂದ ತೆಗೆಯಲು ಮರೆತಿದ್ದ, ನೋಡದೆ ಒರೆಸಲು ಕೂತ. ಪೊಲೀಸರಿಗೆ ಮಾವ ಹೇಳಿದ್ದು ಇದು, ಊರು ನಂಬಿದ್ದೂ ಇದು. ಮಾವ ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಇದ್ದವರು. ಅವರು ಹೇಳಿದ ಮೇಲೆ ಯಾರು ಅನುಮಾನಿಸುತ್ತಾರೆ? ಕೇಸು ಮುಗಿದ ಮೇಲೆ ಕೋವಿ ಮನೆಗೆ ವಾಪಸ್ ಬಂತು. ಬೀರುವಿಗೆ ಸೇರಿತು. ಕೀಲಿ ಮೊಳೆಗೆ ಸೇರಿತು.

ನನ್ನ ಗಂಡನ ದುಃಖ ಬಂದದ್ದು ಸಿಟ್ಟಿನ ರೂಪದಲ್ಲಿ. ಕೊಡವರ ಮನೆಯಲ್ಲಿ ಹುಟ್ಟಿ, ನಳಿಗೆ ಬಾಗಿಸಿ ಒಳಗೆ ನೋಡದೆ ಒರೆಸಲು ಕೂರುವ ದಡ್ಡ ಎಲ್ಲಾದರೂ ಇರುತ್ತಾನಾ ಎನ್ನುತ್ತಿದ್ದ. ಅದೇ ವರ್ಷದ ಕೊನೆಗೆ ನಾವು ಸಿಂಗಾಪುರಕ್ಕೆ ಬಂದೆವು. ಇಲ್ಲಿ ಟ್ಯಾಂಪಿನೀಸಿನ ನಮ್ಮ ಮನೆಯ ಗೋಡೆಯಲ್ಲಿ ತೀರಿಹೋದ ಅತ್ತೆಯ ಫೋಟೋ ಇದೆ, ನಮ್ಮಪ್ಪನದೂ ಇದೆ. ಅವನದಿಲ್ಲ. ಒಮ್ಮೆ ನಾನು ಫ್ರೇಮ್ ಹಾಕಿಸಿ ತಂದಾಗ ಇವನು ಅದನ್ನು ಮಂಚದ ಕೆಳಗಿನ ಡ್ರಾಯರಿಗೆ ಹಾಕಿದ. ಮಗಳಿಗೆ ಚಿಕ್ಕಪ್ಪನ ಬಗ್ಗೆ ಗೊತ್ತಿದ್ದದ್ದು ಒಂದೇ, ಅವನು ಕೇರ್‌ಲೆಸ್ ಆಗಿದ್ದ ಎಂಬುದು.

ಊರಿನಿಂದ ಹಡಗಿನಲ್ಲಿ ಬಂದ ಸಾಮಾನಿನ ಜೊತೆ ಒಂದು ಮರದ ಪೆಟ್ಟಿಗೆಯೂ ಬಂದಿತ್ತು. ಅದರಲ್ಲಿ ನನ್ನ ಗಂಡನ ಹಬ್ಬದುಡುಪು, ಕುಪ್ಯ ಎಂಬ ಕಪ್ಪು ನಿಲುವಂಗಿ ಮತ್ತು ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆಯ ಚೇಲೆ. ಇಲ್ಲಿಯ ಫ್ಲ್ಯಾಟುಗಳಲ್ಲಿ ದಪ್ಪ ಗೋಡೆ, ಉಕ್ಕಿನ ಬಾಗಿಲಿನ ಒಂದು ಬಾಂಬ್ ಶೆಲ್ಟರ್ ಇರುತ್ತದೆ. ಯುದ್ಧ ಬರುವವರೆಗೆ ಎಲ್ಲರೂ ಅದರಲ್ಲಿ ಸೂಟ್‌ಕೇಸು, ಅಕ್ಕಿಮೂಟೆ ಇಡುತ್ತಾರೆ. ನಮ್ಮ ಪೆಟ್ಟಿಗೆಯೂ ಅಲ್ಲೇ, ಮೇಲಿನ ಹಲಗೆಯಲ್ಲಿ ಕೂತಿತ್ತು. ಮಾವ ವಿಡಿಯೋ ಕಾಲಿನಲ್ಲಿ ಯಾವಾಗಲೂ ಎರಡು ಮಾತು ಕೇಳುತ್ತಿದ್ದರು. ಕುಂಞಿ, ಅಂದರೆ ಮಗು, ಚೆನ್ನಾಗಿದೆಯಾ, ಮತ್ತೆ ಆ ಪೆಟ್ಟಿಗೆ ತೆಗೆದಿರಾ ಎಂದು. ಇಲ್ಲ ಮಾವ ಎಂದರೆ, ಬೇಡ, ಹಾಗೇ ಇರಲಿ, ರೇಷ್ಮೆ ಹಾಳಾಗುತ್ತದೆ ಎನ್ನುತ್ತಿದ್ದರು. ಗಂಡಸಿಗೆ ರೇಷ್ಮೆಯ ಮೇಲೆ ಇಷ್ಟು ಕಾಳಜಿಯೇ ಎಂದು ನಾನು ತಮಾಷೆ ಮಾಡಿದ್ದೂ ಉಂಟು.

ಎಷ್ಟು ಕರೆದರೂ ಬರದಿದ್ದ ಮನುಷ್ಯ ಹೋದ ವರ್ಷ ತಾವಾಗಿಯೇ ಬರುತ್ತೇನೆಂದರು. ಇಲ್ಲಿರುವ ನಾಲ್ಕಾರು ಕೊಡವ ಕುಟುಂಬಗಳು ಸೇರಿ ಒಂದು ಕಾಂಡೋದ, ಅಂದರೆ ವಸತಿ ಸಮುಚ್ಚಯದ, ಹಾಲ್ ಬುಕ್ ಮಾಡಿ ಕೈಲ್ ಪೊಳ್ದ್ ಮಾಡುವುದಿತ್ತು. ಈ ದೇಶದಲ್ಲಿ ಕೋವಿ ಇರಲಿ, ಕೋವಿಯಂತೆ ಕಾಣುವ ಆಟಿಕೆ ತಂದರೂ ವಿಚಾರಣೆ. ಹಾಗಾಗಿ ಇವರೆಲ್ಲ ಕೋವಿಯ ಬಣ್ಣದ ಪ್ರಿಂಟ್‌ಔಟ್ ತೆಗೆದು, ಲ್ಯಾಮಿನೇಟ್ ಮಾಡಿಸಿ, ಅದಕ್ಕೇ ಕುಂಕುಮ ಹಚ್ಚುತ್ತಾರೆ. ನನ್ನ ಗಂಡ ವಿಡಿಯೋ ಕಾಲಿನಲ್ಲಿ, ಈ ಸಲ ಕುಪ್ಯ ಚೇಲೆ ಹಾಕ್ಕೋತೀನಿ ಅಪ್ಪ, ಎಂದು ಹೇಳಿದ್ದ. ಮರುದಿನವೇ ಮಾವ ಟಿಕೆಟ್ ಮಾಡಿಸಲು ಹೇಳಿದರು. ನಮಗೆ ಸಂತೋಷವೋ ಸಂತೋಷ.

ಬಂದ ಎರಡನೆಯ ದಿನ ಶನಿವಾರ. ಮಾವ ಮೊಮ್ಮಗಳ ಜೊತೆ ಕೆಳಗೆ ಹಾಕರ್ ಸೆಂಟರಿಗೆ ಕಾಫಿ ಕುಡಿಯಲು ಹೋಗಿದ್ದರು. ಅವರು ಬರುವಷ್ಟರಲ್ಲಿ ಬಟ್ಟೆ ಇಸ್ತ್ರಿ ಮಾಡಿ ತೋರಿಸೋಣವೆಂದು ನಾನು ಪೆಟ್ಟಿಗೆ ಇಳಿಸಿದೆ. ಚೇಲೆಯ ಮಡಿಕೆ ಬಿಚ್ಚಿದಾಗ ಏನೋ ಭಾರವಾದದ್ದು ಜಾರಿ ನನ್ನ ಕಾಲ್ಬೆರಳ ಮೇಲೆ ಬಿತ್ತು. ಕೆಂಪು ಕೊಳವೆ, ಹಿತ್ತಾಳೆಯ ತಳ. ಹಾರಿಸದ ತೋಟೆ, ಜೀವಂತ ಕಾಡತೂಸು.

ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡೆ. ಇಲ್ಲಿ ಒಂದು ತೋಟೆ ಇಟ್ಟುಕೊಂಡರೂ ಜೈಲು ಎಂದು ಮಕ್ಕಳಿಗೂ ಗೊತ್ತು. ಆರು ವರ್ಷ ಅದರ ಪಕ್ಕದಲ್ಲೇ ಸೋನಾಮಸೂರಿ ಇಟ್ಟಿದ್ದೆ.

ಗಂಡನನ್ನು ಕೂಗಿದೆ. ಅವನು ನೋಡಿದವನೇ ಬಾಗಿಲು ಹಾಕಿ, "ಚ್ಯೂಟಿಗೆ ಹಾಕಿಬಿಡೋಣ," ಎಂದ. ಚ್ಯೂಟ್ ಎಂದರೆ ಅಡುಗೆಮನೆಯಲ್ಲಿರುವ ಕಸದ ಕೊಳವೆ, ಹಾಕಿದ್ದು ಹತ್ತು ಮಹಡಿ ಕೆಳಗೆ ಬೀಳುತ್ತದೆ.

"ಕೆಳಗೆ ಕಸ ತೆಗೆಯೋರು ಮನುಷ್ಯರಲ್ವಾ?"

"ಹಾಗಾದ್ರೆ ಪುಂಗೋಲ್ ಕಡೆ ಹೋಗಿ ನೀರಿಗೆ ಹಾಕ್ತೀನಿ."

"ಪೊಲೀಸಿಗೆ ಹೇಳ್ಬೇಕು."

"ಯಾರದ್ದು ಅಂತ ಕೇಳ್ತಾರೆ. ಏನ್ ಹೇಳ್ತೀಯಾ? ಇಲ್ಲೇ ಇರೋಕೆ ಕೊಟ್ಟಿರೋ ಪಿಆರ್ ಹೋಗುತ್ತೆ. ಅಪ್ಪನ್ನ ಒಳಗೆ ಹಾಕಿದ್ರೆ? ಎಪ್ಪತ್ತೈದು ವಯಸ್ಸು ಅವರಿಗೆ."

ಸತ್ಯ ಹೇಳುತ್ತೇನೆ, ನಾನೂ ಅದನ್ನು ರವೆಯ ಖಾಲಿ ಪ್ಯಾಕೆಟ್ಟಿಗೆ ಹಾಕಿ ಚ್ಯೂಟಿನ ಬಾಗಿಲವರೆಗೆ ಹೋದೆ. ಪ್ಲಾಂಟಿನಲ್ಲಿ ನಾನು ಹೊಸಬರಿಗೆ ಹೇಳುವುದುಂಟು, ತಪ್ಪು ಒಪ್ಪಿಕೊಂಡವನಿಗೆ ವಿಪರೀತ ಶಿಕ್ಷೆ ಕೊಟ್ಟರೆ ನಾಳೆಯಿಂದ ಯಾರೂ ಒಪ್ಪಿಕೊಳ್ಳುವುದಿಲ್ಲ, ಎಲ್ಲರೂ ಮುಚ್ಚಿಡುತ್ತಾರೆ ಎಂದು. ಈ ದೇಶದ ಕಾನೂನನ್ನು ನಾನು ಮನಸಾರೆ ಮೆಚ್ಚುತ್ತೇನೆ. ನನ್ನ ಮಗಳು ಗುಂಡಿನ ಸದ್ದನ್ನು ಸಿನಿಮಾದಲ್ಲಿ ಬಿಟ್ಟರೆ ಕೇಳಿಲ್ಲ, ಅದು ಸಣ್ಣ ಮಾತಲ್ಲ. ಆದರೆ ಚ್ಯೂಟಿನ ಹಿಡಿ ಹಿಡಿದು ನಿಂತಾಗ ಆ ಕಾನೂನಿನ ಬಿಗಿಯೇ ನನ್ನನ್ನು ಕಳ್ಳಿಯಾಗು ಎನ್ನುತ್ತಿತ್ತು. ಊರಿನ ಕಾನೂನು ನಂಬಿಕೆಯ ಮೇಲೆ ಬಿಟ್ಟುಬಿಟ್ಟಿತ್ತು, ಇಲ್ಲಿಯದು ಹೆದರಿಕೆಯ ಮೇಲೆ ನಿಂತಿತ್ತು. ನಾನು ಎರಡರ ನಡುವೆ ರವೆಯ ಪ್ಯಾಕೆಟ್ ಹಿಡಿದು ನಿಂತಿದ್ದೆ.

ಕೊನೆಗೂ ಹಾಕಲಾಗಲಿಲ್ಲ. ವಾಪಸ್ ತಂದು ಊಟದ ಮೇಜಿನ ಮೇಲೆ, ಪೇಪರ್ ಹಾಸಿ ಇಟ್ಟೆ. ಅಷ್ಟರಲ್ಲಿ ಮಾವ ಒಳಗೆ ಬಂದರು. ಮಗಳು ಕೆಳಗೆ ಗೆಳತಿ ಸಿಕ್ಕಳೆಂದು ಕಟ್ಟಡದ ತಳದ ಖಾಲಿ ಜಾಗದಲ್ಲೇ, ವಾಯ್ಡ್ ಡೆಕ್ಕಿನಲ್ಲಿ, ಉಳಿದಿದ್ದಳು. ಅವರು ತೆರೆದ ಪೆಟ್ಟಿಗೆಯನ್ನು ನೋಡಿದರು, ಮೇಜನ್ನು ನೋಡಿದರು. ಚಪ್ಪಲಿ ಬಿಡುವುದನ್ನೂ ಮರೆತು ಬಂದು ಕುರ್ಚಿಯಲ್ಲಿ ಕೂತರು.

"ಸಿಕ್ತಾ," ಎಂದರು.

ನನ್ನ ಗಂಡ, "ಇದು ಯಾರದ್ದು ಅಪ್ಪ?" ಎಂದ.

"ನನ್ನದು. ಇದನ್ನ ತಗೊಂಡ್ ಹೋಗ್ಲಿಕ್ಕೇ ನಾನು ಬಂದದ್ದು."

ಆಮೇಲೆ ಅವರು ಹೇಳಿದ್ದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ. ಹಬ್ಬಕ್ಕೆ ಎರಡು ದಿನವಿರುವಾಗ ಸಂಜೆ ಹಿತ್ತಲಿಗೆ ಹಂದಿ ನುಗ್ಗಿತ್ತು. ಮಾವ ಕೋವಿಯ ಎರಡೂ ನಳಿಗೆಗೆ ತೋಟೆ ತುಂಬಿ ಹೋದರು. ಹಂದಿ ಸಿಗಲಿಲ್ಲ. ಮತ್ತೆ ಬರಬಹುದೆಂದು ತುಂಬಿದ ಕೋವಿಯನ್ನೇ ಬೀರುವಿಗಿಟ್ಟು, ಕೀಲಿಯನ್ನು ಮೊಳೆಗೆ ಹಾಕಿದರು. ಆ ಮನೆಯಲ್ಲಿ ಖಾಲಿ ಮಾಡದೆ ಕೋವಿಯನ್ನು ಒಳಗಿಡುವಂತಿರಲಿಲ್ಲ. ಅದು ಅವರೇ ಮಕ್ಕಳಿಗೆ ಕಲಿಸಿದ ನಿಯಮ. ಚಿಕ್ಕ ಮಗ ಅಪ್ಪನ ನಿಯಮವನ್ನು ನಂಬಿ ಒರೆಸಲು ಕೂತಿದ್ದ. ತೆಂಗಿನಕಾಯಿ ಹೊಡೆಯಲು ಅವನು ಬಳಸಿದ್ದು ಸ್ನೇಹಿತನ ಕೋವಿ, ಮನೆಯದನ್ನು ಮುಟ್ಟಿಯೇ ಇರಲಿಲ್ಲ.

"ಸದ್ದು ಕೇಳಿ ಓಡಿ ಬಂದೆ. ಅವನು ಹೋಗಿಯಾಗಿತ್ತು. ನಳಿಗೆ ಬಾಗಿಸಿ ನೋಡಿದೆ, ಇದು ಇನ್ನೊಂದರಲ್ಲಿ ಹಾಗೇ ಕೂತಿತ್ತು. ಎರಡೂ ತುಂಬಿತ್ತು ಅಂತಾದ್ರೆ, ಯಾರು ತುಂಬಿದ್ದು ಅಂತ ಕೇಳ್ತಾರೆ. ಒಂದೇ ಅಂದ್ರೆ ಮರೆತ ಅಂತಾರೆ." ಮಾವ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. "ಜನ ಬರೋ ಮೊದಲು ತೆಗೆದೆ. ಪೆಟ್ಟಿಗೆ ತೆರೆದಿತ್ತು, ಹಬ್ಬಕ್ಕೆ ಅಂತ ಬಟ್ಟೆ ತೆಗೆದಿಟ್ಟಿದ್ವಿ. ಚೇಲೆಯ ಒಳಗೆ ಹಾಕಿದೆ. ಆಮೇಲೆ ಹುಡುಕಿದ್ರೆ ಪೆಟ್ಟಿಗೆ ಹಡಗಿಗೆ ಹೋಗಿತ್ತು. ಹೇಳಿಬಿಡೋಣ ಅಂತ ಪ್ರತಿ ಸಲ ಫೋನ್ ಮಾಡ್ತಿದ್ದೆ. ಕುಂಞಿ ಚೆನ್ನಾಗಿದೆಯಾ ಅಂತ ಕೇಳಿ ಇಟ್ಟುಬಿಡ್ತಿದ್ದೆ."

ನನ್ನ ಗಂಡ ಎದ್ದು ಬಾಲ್ಕನಿಯ ಕಡೆ ಹೋದ, ಮತ್ತೆ ಬಂದ. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. "ಆರು ವರ್ಷ ಅವನನ್ನ ದಡ್ಡ ಅಂದೆ, ಅಪ್ಪ," ಎಂದ. "ನಿಮ್ಮ ಎದುರೇ ಅಂದೆ. ನೀವು ಸುಮ್ನೆ ಕೇಳ್ಕೊಂಡಿದ್ರಿ."

"ಹೌದು," ಎಂದರು ಮಾವ.

ಅವರ ಮೇಲೆ ನನಗೆ ಬಂದ ಸಿಟ್ಟನ್ನು ನಾನು ಮುಚ್ಚಿಡುವುದಿಲ್ಲ. ತಪ್ಪನ್ನೆಲ್ಲ ಸತ್ತ ಮಗನ ತಲೆಗೆ ಕಟ್ಟಿ, ಆರು ವರ್ಷ ಅನ್ನ ತಿಂದ ಮನುಷ್ಯ. ಆದರೆ ಅವರ ಎದುರು ಕೂತಿದ್ದ ನಾನು ಯಾರು? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು, ಹೊರಗಿನಿಂದ ಬಂದ ಸೊಸೆ ನನಗೇಕೆ ಎಂದು, ಆ ಕೀಲಿಯನ್ನು ನೋಡಿ ನೋಡಿ ಸುಮ್ಮನಿದ್ದವಳು. ಒಂದು ದಿನ, ಊಟಕ್ಕೆ ಬಡಿಸುವಾಗಲಾದರೂ, ಮಾವ ಆ ಕೀಲಿ ನಿಮ್ಮ ಜೇಬಿನಲ್ಲಿರಲಿ ಎಂದಿದ್ದರೆ ಅವರು ಗದರುತ್ತಿದ್ದರು, ಅಷ್ಟೇ. ಜೇಬಿನಲ್ಲಿದ್ದರೆ ಚಿಕ್ಕವನು ಕೇಳಿ ಪಡೆಯಬೇಕಿತ್ತು. ಕೇಳಿದ್ದರೆ ಅವರಿಗೆ ನೆನಪಾಗುತ್ತಿತ್ತು.

"ಪೊಲೀಸಿಗೆ ಫೋನ್ ಮಾಡಮ್ಮ," ಎಂದರು ಮಾವ.

ಗಂಡ ತಡೆದ. ಈಗಲೂ ಎಸೆಯಬಹುದು, ಗೊತ್ತಿರುವುದು ನಮಗೆ ಮೂವರಿಗೆ ಎಂದ. ದನಿಯಲ್ಲಿ ಸಿಟ್ಟಿತ್ತು, ಆದರೂ ಅಪ್ಪನನ್ನು ಉಳಿಸಿಕೊಳ್ಳುವ ಮಾತೇ ಆಡುತ್ತಿದ್ದ.

"ಒಂದು ಸಲ ಬಚ್ಚಿಟ್ಟದ್ದು ಸಾಕು," ಎಂದರು ಮಾವ. "ಇದನ್ನ ಎಸೆದ್ರೆ ಅವನು ದಡ್ಡನಾಗೇ ಉಳೀತಾನೆ."

ನಾನು ಫೋನ್ ಮಾಡಿದೆ. ಮುಟ್ಟಬೇಡಿ, ಹಾಗೇ ಇರಲಿ, ನಾವೇ ಬರುತ್ತೇವೆ ಎಂದರು. ಮಗಳಿಗೆ ಗೆಳತಿಯ ಮನೆಗೆ ಹೋಗು ಎಂದು ಮೆಸೇಜ್ ಹಾಕಿದೆ. ಇಲ್ಲಿಯ ಇಂಗ್ಲಿಷಿನಲ್ಲಿ ವೈ ಲಾ, ಯಾಕೆ, ಎಂದು ಉತ್ತರ ಬಂತು. ಆಮೇಲೆ ಹೇಳುತ್ತೇನೆ ಎಂದೆ.

ಇಬ್ಬರು ಅಧಿಕಾರಿಗಳು ಮೊದಲು ಬಂದರು, ಅವರಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಹೆಂಗಸು. ಶೂ ಬಿಚ್ಚಿ ಒಳಗೆ ಬಂದರು. ದನಿ ಏರಿಸಲಿಲ್ಲ. ಹೇಳಿಕೆಯನ್ನು ಆಮೇಲೆ ಠಾಣೆಯಲ್ಲಿ ದುಭಾಷಿಯನ್ನಿಟ್ಟುಕೊಂಡು ಬರೆಯುತ್ತೇವೆ, ಈಗ ಸ್ವಲ್ಪ ಕೇಳಬೇಕು ಎಂದರು. ಮಾವನ ಇಂಗ್ಲಿಷ್ ಗಾಬರಿಯಲ್ಲಿ ಕೈಕೊಟ್ಟಿತ್ತು. ನಾನು ಅನುವಾದ ಮಾಡಿದೆ. ಇದು ಯಾರದ್ದು ಎಂದಳು. ನನ್ನದು ಎಂದರು. ಈ ಮನೆಯವರಿಗೆ ಗೊತ್ತಿತ್ತೇ ಎಂದಳು. ಇಲ್ಲ, ಇವತ್ತು ಬೆಳಿಗ್ಗೆಯವರೆಗೆ ಇಲ್ಲ ಎಂದರು. ಎಲ್ಲಿಂದ ಬಂತು ಎಂದಾಗ ಚಿಕ್ಕವನ ಕಥೆಯನ್ನು ಮೊದಲಿನಿಂದ ಹೇಳಿದರು. ಆ ಮಾತುಗಳನ್ನು ನಾನು ನನ್ನ ಬಾಯಲ್ಲಿ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ನನ್ನ ಮೈದುನ ಏನನ್ನೂ ಮರೆತಿರಲಿಲ್ಲ ಎಂದು ನಾನು ಹೊರಗಿನವರೊಬ್ಬರಿಗೆ ಹೇಳಿದ್ದು ಅದೇ ಮೊದಲು.

ಅವಳು ಬರೆದುಕೊಂಡು, ತಲೆಯೆತ್ತಿ, ಆ ಕೋವಿ ಈಗ ಎಲ್ಲಿದೆ ಎಂದು ಕೇಳಿದಳು.

"ಮನೆಯಲ್ಲಿ."

ಬೀಗ ಹಾಕಿದೆಯೇ ಎಂದು ಕೇಳಿದಳು.

"ಹಾಕಿದೆ."

ಕೀಲಿ ಯಾರ ಹತ್ತಿರ ಇದೆ ಎಂದಳು.

ಅನುವಾದ ಮಾಡುವ ಅಗತ್ಯವಿರಲಿಲ್ಲ, ಮಾವನಿಗೆ ಅರ್ಥವಾಗಿತ್ತು. ಅವರು ನನ್ನ ಮುಖ ನೋಡಿದರು. ಕೆಲಸದವಳು ಬಂದು ಹೋಗುವ ಮನೆ, ಅವಳ ಎರಡು ಮಕ್ಕಳು ಜಗಲಿಯಲ್ಲಿ ಆಡುವ ಮನೆ. ನಮ್ಮಿಬ್ಬರಿಗೂ ಒಂದೇ ಮೊಳೆ ಕಾಣುತ್ತಿತ್ತು.

"ಅಲ್ಲೇ ಇದೆ," ಎಂದರು ಮಾವ ಬಹಳ ಮೆಲ್ಲಗೆ. "ಗೋಡೆಯಲ್ಲಿ."

ಆರು ವರ್ಷದಲ್ಲಿ ಆ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದವಳು ಸಾವಿರಾರು ಮೈಲಿ ದೂರದ ಊರಿನ, ನನ್ನ ಮಗಳಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಾದ ಹುಡುಗಿ. ಆ ಕೋವಿಯ ಮೇಲೆ ಅವಳಿಗೆ ಯಾವ ಅಧಿಕಾರವೂ ಇರಲಿಲ್ಲ. ಮಾವ ಅವತ್ತೇ, ಅಧಿಕಾರಿಗಳ ಎದುರೇ, ಊರಿನ ಪಕ್ಕದ ಮನೆಯ ಆಂಟಿಗೆ ಫೋನ್ ಮಾಡಿಸಿ ಆ ಕೀಲಿಯನ್ನು ಆಕೆಯ ಮನೆಗೆ ಒಯ್ಯಲು ಹೇಳಿದರು.

ಮುಂದಿನ ಎರಡು ತಿಂಗಳು ಹೇಗೆ ಕಳೆಯಿತೆಂದು ವಿವರಿಸಲು ನನಗೆ ಇಷ್ಟವಿಲ್ಲ. ಮಾವನ ಪಾಸ್‌ಪೋರ್ಟ್ ಪೊಲೀಸರ ಬಳಿ ಇತ್ತು. ಮಾವ ಹಬ್ಬಕ್ಕೆ ಹೋಗಲಿಲ್ಲ, ನಾವೂ ಹೋಗಲಿಲ್ಲ. ಕರೆದಾಗಲೆಲ್ಲ ಠಾಣೆಗೆ ಹೋಗಿ, ಸೈನ್ಯದ ದಿನಗಳಂತೆ ನೆಟ್ಟಗೆ ಕೂತು ಉತ್ತರ ಕೊಟ್ಟು ಬರುತ್ತಿದ್ದರು. ಕೊನೆಗೆ ಒಂದು ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟು ಬಿಟ್ಟರು. ತಾವಾಗಿಯೇ ತಿಳಿಸಿದ್ದನ್ನು ಪರಿಗಣಿಸಿದ್ದೇವೆ ಎಂದರು. ನಾನು ಲಿಫ್ಟಿನಲ್ಲಿ ನಿಂತು ಅತ್ತುಬಿಟ್ಟೆ.

ಆ ದಿನಗಳಲ್ಲಿ ಅಪ್ಪ ಮಗ ಹೆಚ್ಚು ಮಾತಾಡಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಏಳುವಾಗ ಹಾಲಿನಲ್ಲಿ ಡ್ರಿಲ್ಲಿನ ಸದ್ದು. ನನ್ನ ಗಂಡ ಅತ್ತೆಯ ಫೋಟೋದ ಪಕ್ಕ ತೂತು ಹಾಕುತ್ತಿದ್ದ. ಮಾವ ಫ್ರೇಮ್ ಹಿಡಿದು ನಿಂತಿದ್ದರು. ಮಗಳು ಬಂದು, "ಚಿಕ್ಕಪ್ಪ ಕೇರ್‌ಲೆಸ್ ಅಂದ್ರಿ?" ಎಂದಳು. "ಅಲ್ಲ. ನಾನು," ಎಂದರು ತಾತ. ಅವಳಿಗೆ ಇನ್ನೇನು ಕೇಳಬೇಕೆಂದು ತಿಳಿಯದೆ ಫ್ರೇಮಿನ ಇನ್ನೊಂದು ತುದಿ ಹಿಡಿದುಕೊಂಡಳು.

ಮಾವ ಊರಿಗೆ ಹೋದ ವಾರದಲ್ಲಿ ವಿಡಿಯೋ ಕಾಲ್ ಬಂತು. ಕೋವಿಯನ್ನು ಠಾಣೆಗೆ ಒಪ್ಪಿಸಿ, ನಡೆದದ್ದನ್ನೆಲ್ಲ ಬರೆದುಕೊಟ್ಟು ಬಂದಿದ್ದರಂತೆ. ಮುಂದೆ ಏನಾಗುತ್ತದೋ ಆಗಲಿ ಎಂದರು. ಕೊಡವನ ಮನೆಯಲ್ಲಿ ಕೋವಿ ಇಲ್ಲದೆ ಹೇಗೆ ಎಂದು ನೆಂಟರು ಕೇಳಿದರಂತೆ. ಆಮೇಲೆ ಫೋನನ್ನು ತಿರುಗಿಸಿ ಖಾಲಿ ಬೀರುವನ್ನು, ಪಕ್ಕದ ಗೋಡೆಯನ್ನು ತೋರಿಸಿದರು. ಮೊಳೆ ಇರಲಿಲ್ಲ. ಗಾರೆ ಕಿತ್ತುಬಂದು ಹುಣಸೆಬೀಜದಷ್ಟು ತೂತಾಗಿತ್ತು.

"ಸಿಮೆಂಟ್ ಹಚ್ಚಿಸ್ತೀರಾ ಮಾವ?" ಎಂದೆ.

"ಬೇಡ," ಎಂದರು. "ಮನೆಗೆ ಬಂದವರು ಇದು ಏನು ಅಂತ ಕೇಳ್ತಾರೆ. ಆಗ ಹೇಳ್ತೀನಿ."